ಘಮ್ಮೆನ್ನುವವರೆಗೆ ಹುರಿಯಿರಿ

ಪಲ್ಲಾವರಂ, ಚೆನ್ನೈ
8 ಜೂನ್ 2024

ಸೌಂದರ್ಯಾ,

ಶರಣು. ನಾನಿಲ್ಲಿ ಕ್ಷೇಮವಾಗಿಲ್ಲ. ಸುಳ್ಳು ಯಾಕೆ ಬರೆಯಲಿ? ಹೆಂಡತಿ ತವರಿಗೆ ಹೋಗಿ ಕೂತ ಮೇಲೆ ಗಂಡ ಕ್ಷೇಮ ಅಂದರೆ ಓದಿದವರು ನಗುತ್ತಾರೆ.

ಹರಿಹರದಲ್ಲಿ ಹಿರಿಯರ ಮುಂದೆ ನಿಮ್ಮಣ್ಣ ಏಕಾಂತಪ್ಪನವರು ಹೇಳಿದ ಮಾತಿಗೆ ಕಟ್ಟುಬಿದ್ದು ಫೋನ್ ಮಾಡುತ್ತಿಲ್ಲ. "ಫೋನ್ ಹಿಡಿದ್ರೆ ಇಬ್ರೂ ಕೂಗಾಡ್ತೀರಿ. ಏನಿದ್ರೂ ಕಾಗದದಾಗೆ ಬರ್ಕೊಳ್ರಿ. ದೀಪಾವಳಿ ಕಳೀಲಿ, ಆಮೇಲೆ ಕೂಡಿ ಬಾಳೋದೋ ಬಿಡೋದೋ ನೋಡೋಣ" ಅಂದರಲ್ಲ, ಅದೇ. ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಆ ಹುಡುಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

ನೀನು ಹೋದಾಗಿನಿಂದ ಹೋಟೆಲ್ ಊಟ. ಹೊಟ್ಟೆ ಕೆಟ್ಟು ಕೆರ ಹಿಡಿದಿದೆ. ಸ್ಟೇಷನ್ ಎದುರಿನ ಮೆಸ್ಸಿನವನು ನನ್ನ ಮುಖ ಕಂಡರೆ ಕೇಳದೆ ಎಲೆ ಹಾಕುತ್ತಾನೆ, ಅಷ್ಟು ಗೆಳೆತನ. ಇನ್ನು ಆಗುವುದಿಲ್ಲ. ಅಡುಗೆಮನೆಯಲ್ಲಿ ಡಬ್ಬಗಳೆಲ್ಲ ನೀನು ಇಟ್ಟ ಹಾಗೇ ಇವೆ. ಒಬ್ಬನೇ ಮನುಷ್ಯ, ಕೆಲಸದಿಂದ ಬಂದು ಬೇಗ ಬೇಯಿಸಿಕೊಂಡು ತಿನ್ನುವಂಥದ್ದು ಏನಾದರೂ ಬರೆದು ಕಳಿಸು. ಹೆಚ್ಚು ಖರ್ಚಿನದು ಬೇಡ, ಹೆಚ್ಚು ಪಾತ್ರೆಯದ್ದಂತೂ ಬೇಡವೇ ಬೇಡ.

ಅದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ನೀನು ಬಂದುಬಿಡುವುದು.

ಹಸಿದುಕೊಂಡಿರುವ,
ಕುಮಾರಸ್ವಾಮಿ


ಹರಿಹರ
17 ಜೂನ್ 2024

ಕುಮಾರಸ್ವಾಮಿಯವರಿಗೆ,

ಶರಣು. ಕೇಳಿದ್ದನ್ನು ಬರೆಯುತ್ತೇನೆ. ಕೇಳಿದ ಎರಡನೆಯದಕ್ಕೆ ಈಗ ಉತ್ತರವಿಲ್ಲ.

ಹೆಸರುಬೇಳೆ ಹುಗ್ಗಿ ಮಾಡಿಕೊಳ್ಳಿ. ಒಂದೇ ಪಾತ್ರೆ. ನಿಮ್ಮ ಕಾಫಿ ಲೋಟದಲ್ಲಿ ಅರ್ಧ ಲೋಟ ಅಕ್ಕಿ, ಅದರರ್ಧ ಬೇಳೆ. ಮೊದಲು ಬೇಳೆಯನ್ನು ಚಿಕ್ಕ ಕುಕ್ಕರಿನಲ್ಲೇ ಎಣ್ಣೆ ಹಾಕದೆ ಘಮ್ಮೆನ್ನುವವರೆಗೆ ಹುರಿಯಿರಿ. ಘಮ ಬಂದ ಕೂಡಲೇ ಅಕ್ಕಿ, ನೀರು, ಅರಿಶಿನ, ಉಪ್ಪು. ಕೂಗಿಸಿ ಇಳಿಸಿ. ಮೇಲೆ ಜೀರಿಗೆ, ಮೆಣಸು, ಇಂಗಿನ ಒಗ್ಗರಣೆ. ಇಂಗಿನ ವಾಸನೆ ಮೂಗಿಗೆ ಬಡಿದಾಗ ಒಲೆ ಆರಿಸಿ, ಅದಕ್ಕಿಂತ ಒಂದು ಗಳಿಗೆ ಹೆಚ್ಚಾದರೂ ಕಹಿ.

ರುಚಿ ನೋಡಿ ಉಪ್ಪು ಹಾಕಿ ಎಂದು ಬರೆಯಲು ನನಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಲಿಂಗಕ್ಕೆ ಅರ್ಪಿಸುವ ಮೊದಲು ಅಡುಗೆ ಬಾಯಿಗಿಟ್ಟು ನೋಡುವಂತಿಲ್ಲ, ನಿಮಗೆ ಗೊತ್ತೇ ಇದೆ. ನಾನು ಕಲಿತದ್ದೆಲ್ಲ ಮೂಗಿನಿಂದ. ನಿಮಗೆ ಮೂಗಿನ ಪಾಠ ನಾನು ಹೇಳಬೇಕಾಗಿಲ್ಲ.

ನಾನು ಇಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ಅಡುಗೆಗೆ ಸೇರಿದ್ದೇನೆ. ಅಣ್ಣನಿಗೆ ಇಷ್ಟವಿಲ್ಲ. ಮೊದಲನೇ ದಿನ ಬಡಿಸುವಾಗ ಕೈ ನಡುಗಿತು. ನನ್ನ ಕೈಯ ಅಡುಗೆ ಹೇಗೆ ತಿನ್ನುತ್ತಾರೋ ಎಂದು.

ಸೌಂದರ್ಯಾ


ಪಲ್ಲಾವರಂ
2 ಜುಲೈ 2024

ಸೌಂದರ್ಯಾ,

ನಿನ್ನ ಹುಗ್ಗಿ ನನ್ನ ಕೈಯಲ್ಲಿ ಇದ್ದಿಲಾಯಿತು. ಬೇಳೆ ಹುರಿಯುತ್ತ ನಿಂತೆ, ನಿಂತೆ, ನಿಂತೇ ಇದ್ದೆ. ಹೊಗೆ ಕಣ್ಣಿಗೆ ಹೊಕ್ಕ ಮೇಲೆ ನೋಡುತ್ತೇನೆ, ಸೀದು ಕರಕಲು. ಎರಡನೇ ಸಲ ಭಯಕ್ಕೆ ಹಸಿ ಬೇಳೆಯನ್ನೇ ಹಾಕಿದೆ. ಬೆಂದಿತು, ತಿಂದೆ. ಸಪ್ಪೆ. ನಿನ್ನ ಅಡುಗೆ ಅಲ್ಲಿಂದಲೂ ಸಪ್ಪೆ ಬರುತ್ತದಲ್ಲ ಅಂತ ಒಬ್ಬನೇ ನಕ್ಕೆ. ಸಿಟ್ಟಾಗಬೇಡ, ತಮಾಷೆಗೆ ಅಂದೆ.

ಮೊನ್ನೆ ಒಡೆದ ಹಾಲಿಗೆ ಕಾಫಿ ಪುಡಿ ಹಾಕಿ ಅರ್ಧ ಲೋಟ ಕುಡಿದುಬಿಟ್ಟಿದ್ದೆ. ರಾತ್ರಿಯಿಡೀ ಬಚ್ಚಲಿಗೂ ಮಂಚಕ್ಕೂ ಓಡಾಟ. ಕೆಳಗಿನ ಮನೆಯ ಅಮ್ಮಣ್ಣಿ ಮಾಮಿ ಮೆಟ್ಟಿಲಲ್ಲಿ ಹಿಡಿದು ಕೇಳಿದರು. "ಏನಪ್ಪಾ ಕುಮಾರು, ಮುಖ ಹೀಗೆ ಬಾಡಿದೆ? ಸೌಂದರ್ಯಾ ಎಪ್ಪೋ ಬರ್ತಾಳೆ?" ಅಂತ. ದೀಪಾವಳಿಗೆ ಅಂದೆ. ತಪ್ಪೇನಿಲ್ಲವಲ್ಲ?

ಪ್ಯಾರೀಸ್ ಕಾರ್ನರ್‌ನಲ್ಲಿ ನಮ್ಮ ಏಲಕ್ಕಿ ಮಂಡಿಯ ವ್ಯಾಪಾರ ಮಾತ್ರ ಜೋರು. ನಿನ್ನೆ ಸಾಹುಕಾರ ಗಂಗಾಧರಣ್ಣ ಹೊಸ ವ್ಯಾಪಾರಿಗಳಿಗೆ ನನ್ನ ಭುಜ ತಟ್ಟಿ, "ಇವರು ನಮ್ಮಂಗಡಿ ಮೂಗು ಕಣ್ರಪ್ಪಾ. ಏಲಕ್ಕಿ ಚೀಲದ ಬಾಯಿ ಬಿಚ್ಚಿದ್ರೆ ಯಾವ ಸೀಮೇದು ಅಂತ ಹೇಳ್ತಾರೆ" ಎಂದರು. ಹೊರಗೆ ಅಷ್ಟು ಮರ್ಯಾದೆ, ಮನೆಯಲ್ಲಿ ಸೀದ ಕುಕ್ಕರ್ ಉಜ್ಜುವ ಕೆಲಸ.

ಸೌಂದರ್ಯಾ, ನಾನು ಏನು ತಪ್ಪು ಮಾಡಿದೆ ಹೇಳು. ಹೇಳಿದರೆ ತಿದ್ದಿಕೊಳ್ಳುತ್ತೇನೆ. ಹೇಳದೆ ಹೋದರೆ ಏನಂತ ತಿದ್ದಿಕೊಳ್ಳಲಿ?

ಉತ್ತರ ಕಾಯುವ,
ಕುಮಾರಸ್ವಾಮಿ


ಹರಿಹರ
14 ಜುಲೈ 2024

ಕುಮಾರಸ್ವಾಮಿಯವರಿಗೆ,

ಶರಣು. ಬೇಳೆ ಬೇಡ ಬಿಡಿ. ಒಗ್ಗರಣೆ ಮಂಡಕ್ಕಿ ಮಾಡಿ, ನಮ್ಮ ಕಡೆಯದು. ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಪೊರಿ ಎಂದು ಕೇಳಿದರೆ ಚೀಲದ ತುಂಬ ಕೊಡುತ್ತಾರೆ, ಬಡವರ ಊಟ ಅದು. ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ ಇಡಿ, ನೆನೆಯಲು ಬಿಟ್ಟರೆ ಮುದ್ದೆಯಾಗುತ್ತದೆ. ಎಣ್ಣೆಗೆ ಸಾಸಿವೆ, ಶೇಂಗಾ, ಹಸಿಮೆಣಸಿನಕಾಯಿ. ಈರುಳ್ಳಿ ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಅರಿಶಿನ, ಉಪ್ಪು, ಮಂಡಕ್ಕಿ, ಮೇಲೆ ಹುರಿಗಡಲೆ ಪುಡಿ, ನಿಂಬೆಹುಳಿ.

ತಪ್ಪು ಕೇಳಿದ್ದೀರಿ. ನೀವು ಕುಡಿದವರಲ್ಲ, ಹೊಡೆದವರಲ್ಲ. ಮಕ್ಕಳಾಗಲಿಲ್ಲ ಎಂದು ಒಂದು ದಿನವೂ ಚುಚ್ಚಿದವರಲ್ಲ. ಹಿರಿಯರು ಕೇಳಿದಾಗಲೂ ನಾನು ಇದನ್ನೇ ಹೇಳಿದೆ. "ಮತ್ಯಾಕೆ ಬಂದಿದ್ದೀಯವ್ವಾ?" ಅಂದರು. ಮನೆಯವರು ಅಡುಗೆ ಸಪ್ಪೆ ಎಂದರು, ಅದಕ್ಕೆ ಬಂದೆ ಎಂದರೆ ಯಾರು ನಂಬುತ್ತಾರೆ?

ಆದರೆ ಅದೇ ಆದದ್ದು. ಕೊರೋನಾ ವರ್ಷದಿಂದ ಈಚೆಗೆ ದಿನಾ ಎರಡು ಹೊತ್ತು ನನಗೆ ನಿಮ್ಮಿಂದ ಸಿಕ್ಕಿದ್ದು ಆ ಒಂದೇ ಮಾತು. ತಟ್ಟೆ ನೋಡಿ ಸಪ್ಪೆ ಎಂದು, ಅರ್ಧ ತಿಂದು, ಏಳುವುದು. ಉಪ್ಪು ಹೆಚ್ಚು ಹಾಕಿದೆ. ನಿಮಗೆ ಬಿಪಿ ಬಂತು. ಕೀಲ್ಪಾಕಿನ ಡಾಕ್ಟರು ನನ್ನ ಮುಖ ನೋಡಿ, "ಉಪ್ಪು ಕೊರಚ್ಚುಕೋಂಗಮ್ಮಾ" ಎಂದು ಗದರಿದರು. ಕಡಿಮೆ ಮಾಡಿದೆ. ಮತ್ತೆ ಸಪ್ಪೆ. ನನ್ನ ನಾಲಗೆಗೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಆದರೆ ನೀವು ಮಂಡಿಯ ಮೂಗು. ನಿಮ್ಮನ್ನು ಬಿಟ್ಟು ನನ್ನ ನಾಲಗೆಯನ್ನು ನಂಬಲೇ? ನನ್ನ ಕೈ ಸತ್ತಿದೆ ಎಂದುಕೊಂಡೆ. ಕೊನೆಕೊನೆಗೆ ಒಲೆ ಹಚ್ಚುವ ಮೊದಲೇ ಅಳು ಬರುತ್ತಿತ್ತು. ನೀವು ಅದನ್ನು ನೋಡಲಿಲ್ಲ, ನಾನೂ ತೋರಿಸಲಿಲ್ಲ.

ಇಲ್ಲಿ ಹುಡುಗಿಯರು ತಟ್ಟೆ ಬಳಿದು ತಿನ್ನುತ್ತಾರೆ. "ಆಂಟಿ, ಇನ್ನೊಂದು ಸೌಟು" ಎನ್ನುತ್ತಾರೆ. ಮೊದಮೊದಲು ಪಾಪ, ಹಸಿವಿಗೆ ಹೇಳುತ್ತಾರೆ ಎಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ.

ಸೌಂದರ್ಯಾ


ಪಲ್ಲಾವರಂ
11 ಆಗಸ್ಟ್ 2024

ಸೌಂದರ್ಯಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು, ಇಷ್ಟು ದಿನವಾಯಿತು. ಒಂದು ಮಾತಿಗೆ ಯಾರಾದರೂ ಸಂಸಾರ ಬಿಡುತ್ತಾರಾ? ಇನ್ನು ಮೇಲೆ ಅನ್ನುವುದಿಲ್ಲ. ಆಯಿತಲ್ಲ?

ಮಂಡಕ್ಕಿ ಗೆದ್ದೆ. ಈರುಳ್ಳಿ ಮಾತ್ರ ಹಸಿ ಉಳಿಯಿತು, ಪರವಾಗಿಲ್ಲ.

ಒಂದು ತಮಾಷೆ ಕೇಳು. ಭಾನುವಾರ ಹಾಲು ಕಾಯಲಿಟ್ಟು ಪೇಪರ್ ಓದುತ್ತ ಕೂತಿದ್ದೆ. ಹಾಲು ಉಕ್ಕಿ ಒಲೆ ಆರಿದ್ದು ಗೊತ್ತಾಗಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮಣ್ಣಿ ಮಾಮಿ ಬಾಗಿಲು ಮುರಿಯುವ ಹಾಗೆ ಬಡಿಯುತ್ತಿದ್ದಾರೆ. "ಕದ ತೆಗಿಯಪ್ಪಾ! ಗ್ಯಾಸು! ಕೆಳಗಡೆ ತನಕ ನಾತ ಬರ್ತಿದೆ, ನಿನಗೆ ತೆರಿಯಲೆಯಾ? ಆ ಮೂಗು ಚುಮ್ಮಾ ಅಂದಕ್ಕೆ ಇಟ್ಕೊಂಡಿದೀಯಾ?" ಒಳಗೆ ಬಂದವರೇ ಕಿಟಕಿಗಳನ್ನೆಲ್ಲ ತೆಗೆದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ನನ್ನನ್ನು ಮೇಲಿನ ತಾರಸಿಗೆ ಅಟ್ಟಿದರು. ನಾನು ದೀಪ ಹಚ್ಚಲು ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡಿದ್ದೆ, ಪೂಜೆಯ ಹೊತ್ತು ನೋಡು. ಮುದುಕಿಗೆ ಎಂಬತ್ತಾದರೂ ಏನು ಗಂಟಲು!

ದೀಪಾವಳಿಗೆ ಟಿಕೆಟ್ ಈಗಲೇ ಮಾಡಿಸಬೇಕಾಗುತ್ತದೆ. ಬರೆ.

ಕುಮಾರಸ್ವಾಮಿ


ಹರಿಹರ
16 ಆಗಸ್ಟ್ 2024

ರೀ,

ನಿಮಗೆ ವಾಸನೆ ಬರುತ್ತದೆಯೇ?

ಸೀದ ಬೇಳೆ ಹೊಗೆ ಕಂಡ ಮೇಲೆ ತಿಳಿಯಿತು. ಒಡೆದ ಹಾಲು ಕುಡಿದಿರಿ. ಈರುಳ್ಳಿ ಹಸಿ ಉಳಿಯಿತು. ಕೆಳಗಿನ ಮನೆಗೆ ಬಂದ ಗ್ಯಾಸಿನ ವಾಸನೆ ಅದೇ ಮನೆಯಲ್ಲಿದ್ದ ನಿಮಗೆ ಬರಲಿಲ್ಲ. ಇದು ತಮಾಷೆಯಲ್ಲ ರೀ.

ಕೊರೋನಾ ಬಂದಾಗ ಇಬ್ಬರಿಗೂ ವಾಸನೆ ಹೋಗಿತ್ತು. ನನಗೆ ಆ ತಿಂಗಳಲ್ಲೇ ವಾಪಸ್ ಬಂತು. ನಿಮಗೆ ಬಂತಾ ಎಂದು ಕೇಳಿದೆ. ಬಂತು ಎಂದಿರಿ. ನಿಜ ಹೇಳಿ.

ಉತ್ತರ ಬರೆಯುವವರೆಗೆ ಗ್ಯಾಸ್ ಹಚ್ಚಬೇಡಿ. ರೆಗ್ಯುಲೇಟರ್ ತೆಗೆದಿಡಿ. ಮೆಸ್ಸಿನಲ್ಲೇ ತಿನ್ನಿ, ಹೊಟ್ಟೆ ಕೆಟ್ಟರೂ ಚಿಂತೆಯಿಲ್ಲ.

ಸೌಂದರ್ಯಾ


ಪಲ್ಲಾವರಂ
22 ಆಗಸ್ಟ್ 2024

ಸೌಂದರ್ಯಾ,

ಇಲ್ಲ. ಬರುವುದಿಲ್ಲ. ಆಗ ಹೋದದ್ದು ಹೋಯಿತು. ಡಾಕ್ಟರ ಹತ್ತಿರ ಕದ್ದು ಹೋಗಿದ್ದೆ, ಬಂದರೆ ಬರಬಹುದು ಅಂದರು. ನಾಲಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತದೆ. ಉಳಿದದ್ದೇನೂ ಇಲ್ಲ. ಏನು ತಿಂದರೂ ಒದ್ದೆ ಹತ್ತಿ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಮೂಗಿಲ್ಲದ ಮೂಗನ್ನು ಗಂಗಾಧರಣ್ಣ ಮಂಡಿಯಲ್ಲಿ ಇಟ್ಟುಕೊಂಡು ಏನು ಮಾಡುತ್ತಾರೆ? ಕಣ್ಣಿನಲ್ಲಿ ನೋಡಿ, ಬೆರಳಲ್ಲಿ ಉಜ್ಜಿ, ಚೀಲ ತಂದವನ ಮುಖ ನೋಡಿ ಬೆಲೆ ಕಟ್ಟುತ್ತ ಬಂದಿದ್ದೇನೆ. ದಿನಾ ಜೀವ ಕೈಯಲ್ಲಿ. ನಿನಗೆ ಹೇಳಿದರೆ ನೀನು ನಿಮ್ಮಣ್ಣನಿಗೆ, ಅವರು ಊರಿಗೆಲ್ಲ. ಊರಿಂದ ಮಂಡಿಗೆ ಮಾತು ಬರಲು ಎಷ್ಟು ಹೊತ್ತು?

ಈಗಲಾದರೂ ಗೊತ್ತಾಯಿತಲ್ಲ. ನಿನ್ನ ಕೈಯೂ ಸತ್ತಿಲ್ಲ, ನನಗೆ ನಿನ್ನ ಮೇಲೆ ಬೇಸರವೂ ಇರಲಿಲ್ಲ. ಎಲ್ಲ ಈ ಹಾಳು ರೋಗದ್ದು. ಗಂಟು ಬಿಚ್ಚಿತು. ಇನ್ನೇನು ಅಡ್ಡಿ?

ರೆಗ್ಯುಲೇಟರ್ ತೆಗೆದಿಟ್ಟಿದ್ದೇನೆ.

ಕುಮಾರಸ್ವಾಮಿ


ಹರಿಹರ
5 ಸೆಪ್ಟೆಂಬರ್ 2024

ರೀ,

ಕಾಗದ ಓದಿ ಹಾಸ್ಟೆಲಿನ ಉಗ್ರಾಣದಲ್ಲಿ ಕೂತು ಅತ್ತೆ. ನಿಮಗಾಗಿ ಅತ್ತೆನೋ ನನಗಾಗಿಯೋ ತಿಳಿಯಲಿಲ್ಲ. ಅದರ ಬಗ್ಗೆ ಈಗ ಬರೆಯಲಾರೆ, ಯೋಚಿಸಬೇಕು. ಮೊದಲು ನೀವು ಜೀವಂತ ಇರಬೇಕು.

ಸಿಲಿಂಡರ್ ವಾಪಸ್ ಕೊಡಿ. ಇಂಡಕ್ಷನ್ ಒಲೆ ತನ್ನಿ, ಅದಕ್ಕೆ ನಮ್ಮ ಅಲ್ಯೂಮಿನಿಯಂ ಪಾತ್ರೆ ಆಗುವುದಿಲ್ಲ, ಅಟ್ಟದ ಮೇಲಿರುವ ಕಬ್ಬಿಣದ ಬಾಣಲೆ ಇಳಿಸಿಕೊಳ್ಳಿ. ಹಾಲನ್ನು ಮೊದಲು ಒಂದು ಚಮಚ ಕಾಯಿಸಿ ನೋಡಿ, ಒಡೆದರೆ ಚೆಲ್ಲಿ. ಮಿಕ್ಕ ಅನ್ನ ಮರುದಿನಕ್ಕೆ ಇಡಬೇಡಿ, ಹಳಸಿದ್ದು ನಿಮಗೆ ತಿಳಿಯುವುದಿಲ್ಲ. ಅದಕ್ಕೇ ಒಬ್ಬರ ಅಳತೆ ಮೀರಬೇಡಿ.

ಇನ್ನು ಮೂಗು ಬಿಟ್ಟು ಕಿವಿ ಕಣ್ಣಿನಲ್ಲಿ ಮಾಡಿ. ನಾನು ಇಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ ನೋಡಿದೆ. ಅಡುಗೆಯ ಹೆಂಗಸರು ನನಗೆ ಹುಚ್ಚು ಎಂದುಕೊಂಡರು. ಬೇಳೆ ಹುರಿಯುವಾಗ ಮೊದಲು ಸದ್ದು ದಪ್ಪಗಿರುತ್ತದೆ, ತೇವ ಹೋದ ಮೇಲೆ ಸಣ್ಣ ಕಲ್ಲಿನ ಹಾಗೆ ಗಲಗಲ ಎನ್ನುತ್ತದೆ, ಆಗ ಸಾಕು. ಸಾಸಿವೆ ಸಿಡಿಯುವುದು ನಿಂತಾಗ ಈರುಳ್ಳಿ. ಈರುಳ್ಳಿಯ ಅಂಚು ಗಾಜಿನ ಹಾಗಾದಾಗ ಅರಿಶಿನ. ಸಾರಿಗೆ ನೊರೆ ಅಂಚಿನಿಂದ ನಡುವಿಗೆ ಬಂದಾಗ ಇಳಿಸಿ. ಇಂಗನ್ನು ಎಣ್ಣೆಗೆ ಹಾಕಲೇಬೇಡಿ, ನೀರಿನಲ್ಲಿ ಕದಡಿ ಸಾರಿಗೆ ಸುರಿಯಿರಿ, ಸೀಯುವ ಭಯವಿಲ್ಲ. ಕೊನೆಗೆ ನಿಂಬೆಹುಳಿ, ಹುರಿದ ಶೇಂಗಾ ಹಾಕಿ. ಬಾಯಿಗೆ ಹುಳಿಯೂ ಕುರುಕಲೂ ಸಿಕ್ಕರೆ ಹತ್ತಿ ತಿಂದ ಹಾಗಿರುವುದಿಲ್ಲ.

ಗಂಗಾಧರಣ್ಣನಿಗೆ ನೀವೇ ಹೇಳಿಬಿಡಿ.

ಸೌಂದರ್ಯಾ


ಪಲ್ಲಾವರಂ
9 ಅಕ್ಟೋಬರ್ 2024

ಸೌಂದರ್ಯಾ,

ಬೇಳೆ ಗಲಗಲ ಅಂದಿತು! ಕಿವಿ ಬಾಣಲೆಗೆ ಇಟ್ಟು ನಿಂತಿದ್ದೆ, ಯಾರಾದರೂ ನೋಡಿದ್ದರೆ ಬೇಳೆ ಜೊತೆ ಗುಟ್ಟು ಮಾತಾಡುತ್ತಿದ್ದಾನೆ ಅನ್ನುತ್ತಿದ್ದರು. ಮೂರು ವರ್ಷದಲ್ಲಿ ಮೊದಲ ಸಲ ತಟ್ಟೆ ಖಾಲಿ ಮಾಡಿದೆ. ನಿಮ್ಮ ಮನೆಯವರ ಹಾಗೆ ತಟ್ಟೆ ತೊಳೆದ ನೀರೂ ಕುಡಿದೆ.

ಗಂಗಾಧರಣ್ಣನಿಗೆ ಹೇಳಿದೆ. ನಾನಾಗಿ ಹೇಳಲಿಲ್ಲ, ಹೇಳುವ ಹಾಗಾಯಿತು. ನಾನು ಒಪ್ಪಿದ ಏಲಕ್ಕಿ ಲೋಡಿನಲ್ಲಿ ಅರ್ಧ ಮುಗ್ಗು ಹಿಡಿದಿತ್ತು. ಒಳಗೆ ಕರೆದು ಕೇಳಿದರು, ಬಾಯಿ ಬಿಟ್ಟೆ. ಆಮೇಲೆ, "ಮೊದ್ಲೇ ಹೇಳ್ಬಾರ್ದಾಗಿತ್ತೇನಪ್ಪಾ? ಬಿಲ್ ಬರೆಯೋಕೆ ಮೂಗು ಬೇಕಾ?" ಅಂದರು. ಈಗ ಹಿಂದಿನ ಕೋಣೆಯಲ್ಲಿ ಬಿಲ್ ಬರೆಯುತ್ತೇನೆ. ಯಾರೂ ಮೂಗು ಅನ್ನುವುದಿಲ್ಲ, ಏನೂ ಅನ್ನುವುದಿಲ್ಲ. ಇಷ್ಟಕ್ಕೇ ಅಷ್ಟು ಹೆದರಿದ್ದೆನಲ್ಲ.

ದೀಪಾವಳಿಗೆ ಬಾ. ನೀನು ಕೂತಿರು, ನಾನು ಮಾಡಿ ಬಡಿಸುತ್ತೇನೆ. ಮಂಡಕ್ಕಿ, ಸಾರು, ಹುಗ್ಗಿ, ಮೂರೇ ಬರುವುದು. ಸಪ್ಪೆ ಅಂತ ನೀನು ಅನ್ನು, ನಾನು ಅನ್ನಿಸಿಕೊಳ್ಳುತ್ತೇನೆ.

ಬಾಗಿಲು ನೋಡುತ್ತಿರುವ,
ಕುಮಾರಸ್ವಾಮಿ


ಹರಿಹರ
10 ನವೆಂಬರ್ 2024

ಕುಮಾರಸ್ವಾಮಿಯವರಿಗೆ,

ಶರಣು. ದೀಪಾವಳಿ ಕಳೆಯಿತು. ನೀವು ಕಾದಿರುತ್ತೀರಿ ಎಂದು ಗೊತ್ತಿತ್ತು. ಬರಲು ಚೀಲ ಸಿದ್ಧ ಮಾಡಿದ್ದೆ ಕೂಡ. ಅಣ್ಣನೇ ಬಸ್‌ಸ್ಟ್ಯಾಂಡಿಗೆ ಬಿಡಲು ಗಾಡಿ ತೆಗೆದಿದ್ದ. ನಿಮ್ಮ ಕಾಗದಗಳನ್ನು ಚೀಲಕ್ಕೆ ಹಾಕುವ ಮುಂಚೆ ಇನ್ನೊಮ್ಮೆ ಓದಿದೆ.

ಉಪ್ಪು ನಾಲಗೆಗೆ ತಿಳಿಯುತ್ತದೆ ಎಂದು ನೀವೇ ಬರೆದಿದ್ದೀರಿ.

ಹಾಗಾದರೆ ನಾನು ಉಪ್ಪು ಹೆಚ್ಚು ಮಾಡುತ್ತ ಹೋದ ದಿನಗಳಲ್ಲಿ ಅದು ಹೆಚ್ಚಾದದ್ದು ನಿಮಗೆ ಗೊತ್ತಿತ್ತು. ಸರಿಯಿದ್ದಾಗ ಸರಿಯಿದೆ ಎಂದೂ ಗೊತ್ತಿತ್ತು. ನಾನು ಡಬ್ಬದ ಮುಂದೆ ನಿಂತು, ಒಂದು ಚಿಟಿಕೆ ಹಾಕಲೋ ಎರಡೋ ಎಂದು ಒದ್ದಾಡುವುದನ್ನು ಪಕ್ಕದ ಕೋಣೆಯಿಂದ ನೋಡುತ್ತಿದ್ದಿರಿ. ಉಪ್ಪು ಸರಿಯಿದೆ ಸೌಂದರ್ಯಾ ಎಂದು ಒಂದು ಸಲ ಹೇಳಿದ್ದರೆ ನಿಮ್ಮ ಗುಟ್ಟೇನೂ ಬಯಲಾಗುತ್ತಿರಲಿಲ್ಲ. ಡಾಕ್ಟರು ನನ್ನನ್ನು ಗದರಿದಾಗಲೂ ಸುಮ್ಮನೆ ಕೂತಿದ್ದಿರಿ.

ಮೂಗು ಹೋದದ್ದು ರೋಗದಿಂದ. ಇದು ರೋಗದ್ದಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದರೆ ಬಂದು ಜಗಳವಾಡುತ್ತಿದ್ದೆ. ಆ ಅಡುಗೆಮನೆಗೆ ಬಂದು ನಿಂತರೆ ನನ್ನ ಕೈ ಮತ್ತೆ ನಡುಗುತ್ತದೆ, ಅಷ್ಟೇ. ಇಲ್ಲಿ ನಡುಗುವುದಿಲ್ಲ. ಬಿಡುಗಡೆಗೆ ಇಬ್ಬರೂ ಸೇರಿ ಅರ್ಜಿ ಹಾಕುವುದು ಒಳ್ಳೆಯದು ಎಂದು ಅಣ್ಣನಿಗೆ ಹೇಳಿದ್ದೇನೆ. ಬಂದು ಸಹಿ ಮಾಡಿ.

ಚಳಿಗಾಲಕ್ಕೆ ಒಂದು ಬರೆಯುತ್ತೇನೆ, ಇದು ಕೊನೆಯದು. ಹುರುಳಿಕಾಳು ಹಿಂದಿನ ದಿನ ನೆನೆಹಾಕಿ, ಬೇಯಿಸಿ ಬಸಿದ ನೀರಿಗೆ ಹುಣಸೆಹುಳಿ, ಖಾರದಪುಡಿ. ಕಾಳನ್ನು ಬೆರಳಲ್ಲಿ ಒತ್ತಿದರೆ ಹಿಸುಕಿಹೋಗಬೇಕು. ಒಂದು ಹಿಡಿ ಕಾಳು ಒಬ್ಬರಿಗೆ ಸಾಕು.

ಸೌಂದರ್ಯಾ


ಪಲ್ಲಾವರಂ
2 ಫೆಬ್ರವರಿ 2025

ಸೌಂದರ್ಯಾ,

ಸಹಿ ಹಾಕಿ ಬಂದ ಮೇಲೆ ಬರೆಯಬಾರದು ಅಂದುಕೊಂಡಿದ್ದೆ. ಉತ್ತರಕ್ಕಾಗಿ ಬರೆಯುತ್ತಿಲ್ಲ. ಇದನ್ನು ಇನ್ನು ಯಾರಿಗೆ ಹೇಳಲಿ?

ಅಮ್ಮಣ್ಣಿ ಮಾಮಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಾರೆ. ಮಗಳು ಅಕ್ಷಯಾ ಬರುವವರೆಗೆ ಊಟ ನಾನೇ ಕೊಡುತ್ತೇನೆ ಅಂದೆ. ನನ್ನ ಜೀವ ಉಳಿಸಿದ ಮುದುಕಿ. ನೀನು ಹೇಳಿದ ಹುರುಳಿ ಸಾರು ಮಾಡಿದೆ, ನಿನ್ನ ಅಳತೆಯದೇ ಎರಡರಷ್ಟು. ಕಾಳು ಹಿಸುಕಿ ನೋಡಿದೆ. ನೊರೆ ನಡುವಿಗೆ ಬರುವವರೆಗೆ ಕಾದೆ. ಪೂಜೆ ಮುಗಿಸಿ, ತಿಂದು, ಉಪ್ಪು ಹುಳಿ ಸರಿಯಿದೆ ಅಂತ ಖಾತರಿ ಮಾಡಿಕೊಂಡು, ಕೆಳಗೆ ಒಯ್ದು ಬಡಿಸಿ ಬಾಗಿಲ ಹತ್ತಿರ ನಿಂತೆ. ಯಾಕೆ ನಿಂತೆ ಅಂತ ಆಗ ನನಗೇ ತಿಳಿಯಲಿಲ್ಲ. ಅವರು ಒಂದು ತುತ್ತು ಬಾಯಿಗಿಟ್ಟು, ನನ್ನ ಕಡೆ ನೋಡದೆ, "ಏನೋ ಸಪ್ಪೆ ಕಣಪ್ಪಾ" ಅಂದರು.

ಅವರಿಗೆ ವಯಸ್ಸಾಗಿದೆ, ನಾಲಗೆ ಜಡ್ಡುಗಟ್ಟಿದೆ. ಅದು ನನಗೆ ಗೊತ್ತು. ಉಪ್ಪು ಸರಿಯಿತ್ತು, ಅದೂ ಗೊತ್ತು. ಆದರೂ ಮೇಲೆ ಬಂದು ಉಪ್ಪಿನ ಡಬ್ಬ ತೆಗೆದು ನೋಡಿದೆ. ಮರುದಿನ ಬೆಳಿಗ್ಗೆ ಅನ್ನಕ್ಕೆ ಇಡುವಾಗ ಹಾಕಲೋ ಬೇಡವೋ ಅಂತ ಚಿಟಿಕೆ ಹಿಡಿದು ನಿಂತೇ ಇದ್ದೆ.

ಮಾಮಿ ಅಂದದ್ದು ಒಂದೇ ಸಲ.

ಕುಮಾರಸ್ವಾಮಿ